ಪೆಟ್ಟಿಗೆಯ ಶರ್ಟು

ಜುಲೈ 3, ಬೆಳಿಗ್ಗೆ

ತಂಗಿ ನೋಲೀನ್ ಮನೆಗೆ ಹೋಗಿ ಅವಳ ಫೆರೆಟ್‌ಗಳಿಗೆ, ಮುಂಗುಸಿಯಂಥ ಆ ಎರಡು ಪ್ರಾಣಿಗಳಿಗೆ, ಮಾಂಸ, ನೀರು ಇಟ್ಟು ಬಂದೆ. ಕೈ ಮೂರು ಸಲ ತೊಳೆದೆ. ವಾಸನೆ ಹೋಗಿಲ್ಲ. ಅವಳು ಸೊಂಟದ ಆಪರೇಷನ್ ಮಾಡಿಸಿಕೊಂಡು ಹೋಬಾರ್ಟ್ ಆಸ್ಪತ್ರೆಯಲ್ಲಿ. ಅವಳು ಬರುವವರೆಗೆ ಡಚೆಸ್, ಪಿಕಲ್ ಎರಡೂ ನನ್ನ ತಲೆಗೆ.

ಸಾಕಿದ್ದು ಅವಳ ಗಂಡ ಕ್ಲೆಮ್. ಮೊಲದ ಬಿಲಕ್ಕೆ ಇವನ್ನು ಬಿಟ್ಟು ಮೊಲ ಹೊರಗೋಡಿಸುತ್ತಿದ್ದ. ಅವನ ಮೈಯೆಲ್ಲ ಇದೇ ನಾತ. ನಾನಂತೂ ಅವನನ್ನು ನನ್ನ ಮನೆಯೊಳಗೆ ಬಿಟ್ಟುಕೊಂಡವಳಲ್ಲ — ಬಂದರೆ ಟೀ ಹಿಂದಿನ ಮೆಟ್ಟಿಲ ಮೇಲೆ. "ಇಲ್ಲೇ ಗಾಳಿ ಚೆನ್ನಾಗಿದೆ ಬಿಡು, ಗ್ಲೆನಿಸ್" ಅನ್ನುತ್ತಿದ್ದ. ಹೋದ ಬೇಸಿಗೆಯಲ್ಲಿ ತೀರಿಕೊಂಡ.

ನೋಲೀನ್ ಹೇಳಿಹೋಗಿದ್ದಾಳೆ, ಊಟ ಹಾಕಿದರೆ ಸಾಕು, ಅವು ಮಲಗೋ ಪೆಟ್ಟಿಗೆ ಮುಟ್ಟಬೇಡ ಅಂತ. ನನಗೆ ಕಷ್ಟವಾಗದಿರಲಿ ಅಂತ ಇರಬೇಕು. ಪಾಪ.

ಜುಲೈ 4

ತಡೆಯಲಾಗಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಇಕ್ಕಳದಲ್ಲಿ ಹಿಡಿದು ಹೊರಗೆಳೆದೆ. ಚಿಂದಿ, ಕೂದಲು, ಕದ್ದು ಬಚ್ಚಿಟ್ಟ ಮಾಂಸದ ಚೂರು... ತಳದಲ್ಲಿ ಕ್ಲೆಮ್‌ನ ಫ್ಲಾನೆಲ್ ಶರ್ಟು. ಗುಂಡಿಗಳನ್ನೆಲ್ಲ ನೋಲೀನ್ ಕತ್ತರಿಸಿ ತೆಗೆದಿದ್ದಾಳೆ. ಮಣ್ಣು ಮಾಡಿದ ವಾರವೇ ಅವನ ಬಟ್ಟೆಯೆಲ್ಲ ನಾನೇ ಒಗೆದು, ಮಡಚಿ ಚರ್ಚಿನ ಹಳೇಬಟ್ಟೆ ಅಂಗಡಿಗೆ ಕೊಟ್ಟಿದ್ದೆ. ಇದೊಂದು ಹೇಗೆ ಉಳಿಯಿತೋ.

ಶರ್ಟಿಗೆ ಕುದಿಯುವ ನೀರು. ಎರಡು ಸಲ. ಲ್ಯಾವೆಂಡರ್ ಪರಿಮಳದ ಸೋಪಿನ ಪುಡಿ. ಪೆಟ್ಟಿಗೆಗೆ ನನ್ನ ದಪ್ಪ ಟವೆಲ್ ಹಾಸಿದೆ. ರಾಜವೈಭೋಗ.

ಜುಲೈ 6

ಟವೆಲ್ಲಿನ ಎಳೆಗೆ ಡಚೆಸ್ ಉಗುರು ಸಿಕ್ಕಿಕೊಂಡು ಬುಡದಿಂದಲೇ ಕಿತ್ತಿದೆ. ರಕ್ತ. ಪೆಟ್ಟಿಗೆ ಸಮೇತ ಪ್ರಾಣಿ ಆಸ್ಪತ್ರೆಗೆ ಒಯ್ದೆ. ಪಶುವೈದ್ಯೆ ನನ್ನ ಮೊಮ್ಮಗಳ ವಯಸ್ಸಿನವಳು. ಹಾಸಲು ಕುಣಿಕೆ ಕುಣಿಕೆ ನೇಯ್ಗೆಯ ಬಟ್ಟೆ ಬೇಡ, ಪೈನ್ ಮರದ ಹೊಟ್ಟೂ ಬೇಡ, ಉಸಿರಿಗೆ ಕೆಟ್ಟದ್ದು ಅಂದಳು. ಸರಿಯಮ್ಮ ಅಂದೆ.

ಜುಲೈ 7

ಅಂಗಡಿಯಿಂದ ಸ್ಪಂಜಿನ ಹಾಸಿಗೆ ತಂದೆ. ಮಧ್ಯಾಹ್ನದೊಳಗೆ ಪಿಕಲ್ ಒಂದು ಮೂಲೆ ಅಗಿದು ಹಾಕಿದ್ದ. ನುಂಗಿದರೆ ಕರುಳು ಕಟ್ಟಿ ಸಾಯುತ್ತವಂತೆ. ಮೊದಲೇ ಯಾರಾದರೂ ಹೇಳಬಾರದೆ! ಈಗ ನುಣುಪಾದ ಫ್ಲೀಸ್ ಹೊದಿಕೆ. ಅಪಾಯವಿಲ್ಲ. ಆದರೂ ಮಲಗುವುದಿಲ್ಲ — ಕೆರೆಯುತ್ತವೆ, ಹೊರಗೆ ಬರುತ್ತವೆ, ಏನೋ ಹುಡುಕುತ್ತವೆ.

ಜುಲೈ 12

ನೋಲೀನ್ ಫೋನ್. ಉಗುರಿನ ವಿಷಯ ಹೇಳಿದೆ. ಬೈಯಲಿಲ್ಲ.

"ಒಳಗಿದ್ದ ಬಟ್ಟೆ ಎಲ್ಲಿ?"

"ಒಗೆದಿಟ್ಟಿದ್ದೀನಿ ಕಣೇ. ಹೊಸದರ ಥರ ಆಗಿದೆ."

"ಸರಿ" ಅಂದು ಫೋನ್ ಇಟ್ಟಳು. ಇಷ್ಟು ಮಾಡಿದ್ದಕ್ಕೆ ಒಂದು ಥ್ಯಾಂಕ್ಸ್ ಇಲ್ಲ.

ಜುಲೈ 18

ಬಂದಳು. ಕೋಟು ಕೂಡ ಬಿಚ್ಚದೆ ಶರ್ಟು ಕೇಳಿದಳು. ಇಸ್ತ್ರಿ ಮಾಡಿಟ್ಟಿದ್ದೆ — ಹೆಮ್ಮೆಯಿಂದ ಕೊಟ್ಟೆ. ಕಾಲರ್ ಮೂಗಿಗೆ ಹಿಡಿದಳು. ಆಮೇಲೆ ಕಂಕುಳ ಭಾಗ. ಆಮೇಲೆ ತೋಳು.

"ಯಾವ ಪುಡಿ ಹಾಕಿದೆ?"

"ಲ್ಯಾವೆಂಡರ್."

"ಚೆನ್ನಾಗಿದೆ."

ಟೀ ಆರಿ ಹೋಯಿತು. ಕುಡಿಯಲಿಲ್ಲ. ನನ್ನ ಮುಖ ನೋಡದೆ ಹೇಳಿದಳು: "ನೀನು ಕೈ ಹಾಕದ ಜಾಗ ಆ ಪೆಟ್ಟಿಗೆಯೊಂದೇ ಅಂತ ಅಲ್ಲಿಟ್ಟಿದ್ದೆ, ಗ್ಲೆನಿಸ್."

ಜುಲೈ 19

ನಾಚಿಕೆಯಾಗುತ್ತಿದೆ. ಬರೆಯುವುದಕ್ಕೂ. ಅವತ್ತು ಕ್ಲೆಮ್‌ನ ಬಟ್ಟೆಯೆಲ್ಲ ಒಗೆದು ಮಡಚಿ ಕೊಟ್ಟಾಗ ನೋಲೀನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಬೇಡ ಅನ್ನಲಿಲ್ಲ. ನನ್ನೆದುರು ಯಾವತ್ತು ಬೇಡ ಅಂದಿದ್ದಾಳೆ. ಬೇಕೇ ಅಂತ ನಾನೂ ಕೇಳಲಿಲ್ಲ.

ಜುಲೈ 27

ವಾರವೆಲ್ಲ ಹೋಗುವ ಧೈರ್ಯ ಬರಲಿಲ್ಲ. ಇವತ್ತು ಹೋದೆ. ಶರ್ಟು ಪೆಟ್ಟಿಗೆಗೆ ವಾಪಸ್ಸು ಬಂದಿದೆ. ತೋಳಿನೊಳಗೆ ಎರಡೂ ಸುತ್ತಿಕೊಂಡು ಗಾಢ ನಿದ್ದೆ. ಎಳೆ ಬಿಚ್ಚದ ಬಟ್ಟೆ, ಗುಂಡಿಯಿಲ್ಲ, ಅಗಿಯಲು ಏನೂ ಇಲ್ಲ. ಎಷ್ಟು ನೋಡಿ ಆರಿಸಿದ್ದಳು.

"ವಾಸನೆ ಮತ್ತೆ ಬಂದಿದೆ" ಅಂದೆ.

"ಇವುಗಳದ್ದು ಬಂದಿದೆ" ಅಂದಳು.

ತಪ್ಪಾಯಿತು ಅಂದೆ. ತಲೆಯಾಡಿಸಿ ಪಿಕಲ್‌ನನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಇಷ್ಟು ವರ್ಷದಲ್ಲಿ ಮೊದಲ ಸಲ ಹಿಡಿದೆ. ಬೆಚ್ಚಗಿದ್ದ.

ಮನೆಗೆ ಬಂದು ನಲ್ಲಿ ತಿರುಗಿಸಿದೆ, ನಿಲ್ಲಿಸಿದೆ. ಕೈ ತೊಳೆಯಲಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೀನಿ. ಚಳಿಗಾಲದ ನಡುಮಧ್ಯ, ತುಂಬಾ ಚಳಿ. ಇಲ್ಲಿ ಗಾಳಿ ಚೆನ್ನಾಗಿಯೇನೂ ಇಲ್ಲ, ಕ್ಲೆಮ್. ಒಂದು ದಿನವಾದರೂ ನಿನ್ನನ್ನು ಒಳಗೆ —