ಬಿಡುಗಡೆಯ ಎದುರಿನ ಖಾಲಿ ಜಾಗ

ಸೋಮವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಪ್ಪನ ಕಡೆಯಿಂದ ತಲೆಯ ಮೇಲೊಂದು ಪ್ರೀತಿಯ ಮೊಟಕು. ಫೋನ್ ಬಿಟ್ಟು ಕಾಗದ ಯಾಕೆ ಅಂತ ಹುಬ್ಬು ಏರಿಸಬೇಡ. ಫೋನಿನಲ್ಲಿ ನಾನು ತಮಾಷೆ ಮಾಡಿಬಿಡುತ್ತೇನೆ, ನೀನು ನಕ್ಕುಬಿಡುತ್ತೀಯ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ತಪ್ಪುಗಳಿದ್ದರೆ ತಿದ್ದಿಕೋ. ನಾಲ್ಕನೇ ಕ್ಲಾಸಿನಲ್ಲಿ ಎರಡು ವರ್ಷ ಕೂತವನು ನಾನು. ಕೊನೆಗೆ ಮೇಷ್ಟ್ರೇ ಬೇಜಾರಾಗಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು.

ಚೆನ್ನಾಗಿದ್ದೇನೆ. ಅಂದರೆ ತಿನ್ನುತ್ತೇನೆ, ಮಲಗುತ್ತೇನೆ, ಲಿಫ್ಟ್ ರಿಪೇರಿಗೆ ಹೋಗುತ್ತೇನೆ. ನಿನ್ನೆ ಗಡ್ಡ ಮಾಡಿಕೊಳ್ಳುವಾಗ ಬ್ಲೇಡು ಕೆನ್ನೆ ಕುಯ್ದಿತು. ಕಾಲರಿನ ಮೇಲೆ ರಕ್ತ ನೋಡಿದ ಮೇಲೆ ನನಗೆ ಗೊತ್ತಾಗಿದ್ದು. ಅಮ್ಮ ಹೋಗಿ ಇಪ್ಪತ್ತು ದಿನವಾಯಿತು, ಅಳು ಮಾತ್ರ ಬರುತ್ತೇನೆ ಅಂತ ಹೇಳಿ ಬರದ ನೆಂಟರ ಹಾಗೆ ಆಡುತ್ತಿದೆ. ಮಣ್ಣಿಗೆ ಬಂದವರೆಲ್ಲ "ಅನುಭವಿಸಿದ್ದು ಸಾಕು, ಬಿಡುಗಡೆ ಆಯ್ತು ಬಿಡಿ" ಅಂದರು. ನಾನೂ "ಹೂಂ, ಆಯ್ತು" ಅಂದೆ.

ಪಾಸ್ಟರ್ ಬಂದಿದ್ದರು. ಅಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಬರೆಯುತ್ತಿದ್ದ ನೋಟ್‌ಬುಕ್ ಬೇಕಂತೆ. ಕೂತು ಪೂರ್ತಿ ಓದಿದೆ. ಕೊನೆಯ ಹಾಳೆಯಲ್ಲಿ ಗೆರೆ ಹಾಕಿ ಪದ, ಅರ್ಥ, ವಿರುದ್ಧ ಪದ ಅಂತ ಮೂರು ಭಾಗ ಮಾಡಿದ್ದಾಳೆ. ರಕ್ಷಣೆ ಅಂದರೆ ಅಪಾಯದಿಂದ ಕಾಪಾಡುವುದು, ಅದರ ಎದುರು ನಾಶ. ವಿಮೋಚನೆ ಅಂದರೆ ಬೆಲೆ ತೆತ್ತು ಬಿಡಿಸಿಕೊಳ್ಳುವುದು, ಎದುರು ದಾಸತ್ವ. ಕಡೆಗೆ ಬಿಡುಗಡೆ: ಕಟ್ಟಿನಿಂದ ಹೊರಗೆ ಬರುವುದು, ಮೋಶೆಯ ಹಿಂದೆ ಐಗುಪ್ತ ದೇಶದ ಗುಲಾಮಗಿರಿ ಬಿಟ್ಟು ಜನ ಹೊರಟ ಹಾಗೆ. ಅದರ ಎದುರು ಖಾಲಿ. "ಸೆರೆ ಅಂತ ಬರೀರಿ, ಅಷ್ಟೇ" ಅಂದರು ಪಾಸ್ಟರ್. ಪೆನ್ನು ತೆಗೆದೆ, ಬರೆಯಲು ಕೈ ಬರಲಿಲ್ಲ. ಆಮೇಲೆ ಕೊಡುತ್ತೇನೆ ಅಂತ ಕಳಿಸಿದೆ.

ಈಗ ನೀನು ಕೇಳಿದ ವಿಷಯ. ಕಲ್ಲು ಕೆತ್ತುವವನು ಶನಿವಾರ ಅಕ್ಷರಕ್ಕೆ ಉಳಿ ಇಡುತ್ತಾನೆ. ಅಮ್ಮನ ಸಮಾಧಿ ಮೇಲೆ ಅವಳ ಕೊನೆಯ ಮಾತೇ ಇರಬೇಕು ಅಂತ ನೀನು ಹಠ ಹಿಡಿದಿದ್ದೀಯ: "ನನಗೆ ಬಿಡುಗಡೆಯಾಯಿತು."

ಪುಟ್ಟಿ, ಅದನ್ನು ಅವಳು ಹೇಳಲಿಲ್ಲ. ಅದು ನನ್ನದು. ಅಮ್ಮ ಹೋದ ದಿನ ನೀನು ಫೋನಿನಲ್ಲಿ "ಅಪ್ಪಾ, ಕೊನೆಗೆ ಏನಂದ್ಲು? ನೀನು ಪಕ್ಕದಲ್ಲೇ ಇದ್ದೆ ತಾನೆ?" ಅಂತ ಕೇಳಿದಾಗ ಹಾಸಿಗೆಯ ಮೇಲೆ ಈ ನೋಟ್‌ಬುಕ್ ತೆರೆದು ಬಿದ್ದಿತ್ತು. ಕೊನೆಯ ಪದ ಕಣ್ಣಿಗೆ ಬಿತ್ತು, ಅದಕ್ಕೊಂದು ಬಾಲ ಅಂಟಿಸಿದೆ. ಅದನ್ನು ಕೇಳಿ ನೀನು ಅತ್ತೆ. ಅಷ್ಟು ಅತ್ತವಳಿಗೆ ಸುಳ್ಳು ಕಣೇ ಅಂತ ಹೇಳುವುದು ಹೇಗೆ?

ನಾನು ಪಕ್ಕದಲ್ಲೂ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಫೋನ್ ಬಂತು. ಬಟ್ಟೆ ಅಂಗಡಿಯ ಲಿಫ್ಟ್‌ನಲ್ಲಿ ನಾಲ್ಕು ಜನ ಸಿಕ್ಕಿಬಿದ್ದಿದ್ದರು. ಅವತ್ತು ನನ್ನ ಪಾಳಿ ಅಲ್ಲ, ಬೇರೆಯವರನ್ನು ಕಳಿಸಿ ಅನ್ನಬಹುದಿತ್ತು. ಅನ್ನಲಿಲ್ಲ. ಆ ಕೋಣೆ, ಔಷಧಿ ವಾಸನೆ, ಅವಳ ಉಸಿರಿನ ಗೊರಗೊರ. ನನಗೆ ಹೊರಗೆ ಹೋಗಬೇಕಿತ್ತು, ಒಂದೇ ಒಂದು ಗಂಟೆ. ಶೂ ಹಾಕಿಕೊಳ್ಳುವಾಗ ಅವಳು ಕಣ್ಣು ಬಿಟ್ಟು "ರೀ, ಟಾರ್ಚ್ ತಗೊಂಡ್ರಾ?" ಅಂದಳು. "ತಗೊಂಡೆ ಕಣೇ" ಅಂದೆ. ಅದೇ ಕೊನೆಯ ಮಾತು.

ಟಾರ್ಚ್ ವಿಷಯ ನಿನಗೆ ಗೊತ್ತು. ಲಿಫ್ಟ್ ನಿಂತ ಕಡೆ ಹೋದ ಕೂಡಲೇ ನಾನು ಸ್ಪಾನರ್ ತೆಗೆಯುವವನಲ್ಲ. ಮೊದಲು ಬಾಗಿಲ ಸಂದಿಯಲ್ಲಿ ಟಾರ್ಚಿನ ಬೆಳಕು ಬಿಡುತ್ತೇನೆ. ಬಾಗಿಲು ತೆರೆಯಲು ಅರ್ಧ ಗಂಟೆಯಾದರೂ ಸರಿ, ಯಾರೋ ಬಂದರು ಅಂತ ಗೊತ್ತಾದರೆ ಒಳಗಿನವರು ಕಿರುಚುವುದು ನಿಲ್ಲಿಸುತ್ತಾರೆ. ಅಮ್ಮ ಇದನ್ನು ಸಂಡೇ ಸ್ಕೂಲಿನಲ್ಲೂ ಹೇಳುತ್ತಿದ್ದಳು. "ನಮ್ಮನೆಯವರು ಮೋಶೆಗಿಂತ ವಾಸಿ, ಮರುಭೂಮಿಯಲ್ಲಿ ನಲವತ್ತು ವರ್ಷ ಸುತ್ತಿಸಲ್ಲ" ಅಂತ.

ನಾಲ್ವರನ್ನೂ ಇಳಿಸಿದೆ. ಒಬ್ಬಾಕೆ ನನ್ನ ಕೈ ಹಿಡಿದು "ದೇವರು ಬಂದ ಹಾಗೆ ಬಂದ್ರಿ ಅಣ್ಣಾ" ಅಂತ ಅತ್ತಳು. "ದೇವರ ಕೈಗೆ ಗ್ರೀಸ್ ಮೆತ್ತಿರಲ್ಲಮ್ಮ" ಅಂದೆ. ಎಲ್ಲರೂ ನಕ್ಕರು. ಮನೆಗೆ ಬಂದಾಗ ಅಮ್ಮ ಒಬ್ಬಳೇ ಹೋಗಿಬಿಟ್ಟಿದ್ದಳು.

ಕಲ್ಲಿನ ಮೇಲೆ ಹೆಸರು, ತಾರೀಕು ಸಾಕು ಅಂತ ನನಗನ್ನಿಸುತ್ತದೆ. ಆದರೆ ನಿರ್ಧಾರ ನಿನ್ನದು. ಶನಿವಾರದೊಳಗೆ ಕೆತ್ತುವವನಿಗೆ ನೀನೇ ಫೋನ್ ಮಾಡು. ಬೈಯಬೇಕು ಅನ್ನಿಸಿದರೆ ನನಗೂ ಮಾಡು. ಈ ಸಲ ತಮಾಷೆ ಮಾಡುವುದಿಲ್ಲ.

ಗ್ರೀಸ್ ಕೈಯ,
ನಿನ್ನ ಅಪ್ಪ

ತಾ.ಕ.: ಟಾರ್ಚ್ ತಗೊಂಡೆ ಅಂದದ್ದೂ ಸುಳ್ಳೇ. ಹೊರಡುವ ಆತುರದಲ್ಲಿ ಅದನ್ನು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೇ ಬಿಟ್ಟು ಹೋಗಿದ್ದೆ. ಅಂಗಡಿಯಲ್ಲಿ ಫೋನಿನ ಬೆಳಕು ಬಿಟ್ಟೆ. ವಾಪಸ್ ಬಂದಾಗ ಟಾರ್ಚ್ ಅವಳ ಕೈಯಲ್ಲಿತ್ತು. ಹಾಡುಹಗಲಿನಲ್ಲಿ ಉರಿಯುತ್ತಿತ್ತು, ಬಾಗಿಲ ಕಡೆಗೆ. ಆರಿಸಿ ಚೀಲಕ್ಕೆ ಹಾಕಿದೆ. ಯಾರಿಗೂ ಹೇಳಿಲ್ಲ. ನೋಟ್‌ಬುಕ್ಕಿನಲ್ಲಿ ಬಿಡುಗಡೆಯ ಎದುರು "ಯಾರೂ ಬರಲಿಲ್ಲ" ಅಂತ ಬರೆದಿದ್ದೇನೆ. ನಾಳೆ ಪಾಸ್ಟರಿಗೆ ಕೊಡುತ್ತೇನೆ.