ಡೇರಿ ಗೋಡೆಯ ಕಲ್ಲು, ಪರದೆಯ ಮೇಲೆ ನನ್ನ ಫೋಟೊ

ರಾಜಕ್ಕನಿಗೆ ತಮ್ಮನ ನಮಸ್ಕಾರ.

ಶಾಂತಿಗ್ರಾಮದಿಂದ ಒಳಗಿರುವ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಚನ್ನರಾಯಪಟ್ಟಣಕ್ಕೆ ಒಂದು ಗಂಟೆಯ ದಾರಿಯಾದರೂ ನನಗಿದು ಬೇರೆ ದೇಶ. ನೆಟ್‌ವರ್ಕ್ ಇಲ್ಲ, ಕಂಪ್ಯೂಟರಿನವನಿಗೆ ಅಂಚೆ ಕಾರ್ಡೇ ಗತಿ. ಹಸು ಯಾವ ಕಾಲಿನಲ್ಲಿ ಒದೆಯುತ್ತದೆಂದು ಗೊತ್ತಿಲ್ಲದ ನಾನು, ಯಾರು ಬೇಕಾದರೂ ತಿದ್ದಿ ಬಳಸಬಹುದಾದ, ಹಾಲಿನ ಲೆಕ್ಕ ಇಡುವ ಒಂದು ಸಾಫ್ಟ್‌ವೇರನ್ನು ಕನ್ನಡಕ್ಕೆ ತಂದು ಈ ಡೇರಿಗೆ ಹೊಂದಿಸಿದ್ದೇನೆ.

ನಿನ್ನೆ ಎಲ್ಲರೆದುರು ಅದನ್ನು ತೆರೆದು, ‘ಇದು ಯಾರೊಬ್ಬರ ಸ್ವತ್ತೂ ಅಲ್ಲ, ಲೋಕದ ನೂರಾರು ಜನ ಸೇರಿ ಮಾಡಿದ್ದು’ ಎಂದು ಭಾಷಣ ಬಿಗಿದೆ. ಹಿಂದೆ ಪರದೆಯ ಮೇಲೆ ನನ್ನ ಫೋಟೊ ಒಂದೇ ನಗುತ್ತಿತ್ತು.

ಡೇರಿಯ ಅಧ್ಯಕ್ಷೆ ಲಕ್ಕಮ್ಮ, ‘ಮತ್ತೆ ಅವ್ರ ಎಸ್ರೆಲ್ಲ ಎಲ್ಲೋದ್ವು ಸಾ?’ ಅಂದರು.

ಜಾಗ ಸಾಲದೆಂದು ತೆಗೆದೆ ಎಂದೆ. ಅವರು ಗೋಡೆಯ ಕಲ್ಲನ್ನು ತೋರಿಸಿದರು.

‘ಈ ಕಟ್ಟಡಕ್ಕೆ ಒಂದೇ ಬುಟ್ಟಿ ಮಣ್ಣು ಹೊತ್ತೋರ ಎಸ್ರೂ ಕೆತ್ಸಿದೀವಿ ಕಣ್ ಸಾ. ಕಲ್ಲಲ್ಲೇ ಜಾಗ ಸಾಲ್ತು, ನಿಮ್ ಡಬ್ಬದಲ್ಲಿ ಸಾಲ್ನಿಲ್ವಾ?’

ಬೆಳಗಿನಿಂದ ಆ ಹೆಸರುಗಳನ್ನು ವಾಪಸು ಹಾಕುತ್ತಿದ್ದೇನೆ. ಲಕ್ಕಮ್ಮ ಪಕ್ಕದಲ್ಲೇ ಕೂತು ಒಂದೊಂದನ್ನೂ ಓದಿಸಿಕೊಳ್ಳುತ್ತಾರೆ. ನನ್ನದು ಮುನ್ನೂರ ಹನ್ನೆರಡನೆಯದು. ಫೋಟೊ ತೆಗೆದೆ.

ನಮ್ಮ ನೇಮದಂತೆ ಕತ್ತಲಾಗುವ ಮೊದಲೇ ಊಟ ಹಾಕುತ್ತಾರೆ, ಆ ಚಿಂತೆ ಬೇಡ. ಹಾಲು ಕುಡಿದೂ ಕುಡಿದೂ ಹೊಟ್ಟೆ ಮಾತ್ರ ಸ್ವಲ್ಪ ಕೆಟ್ಟಿದೆ.

ಕಾರ್ಡಿನಲ್ಲಿ ನಿಜವಾಗಿಯೂ ಜಾಗ ಮುಗಿಯಿತು. ಬಸದಿಯಲ್ಲಿ ಸಿಕ್ಕವರಿಗೆಲ್ಲ ‘ನನ್ನ ತಮ್ಮ ಒಬ್ಬನೇ ಮಾಡಿದ’ ಎಂದು ಹೇಳಿದ್ದೀಯಲ್ಲ, ಅದನ್ನು ಮೆಲ್ಲಗೆ ತಿದ್ದಿಬಿಡು. ಯಾರಾದರೂ ಕೇಳಿದರೆ, ಒಂದು ಬುಟ್ಟಿ ಮಣ್ಣು ಹೊತ್ತ ಎನ್ನು.

ಪದ್ಮಕುಮಾರ