ಹಸಿರು ದೀಪದವಳ ಗಂಗಾಳ

ಗದಗ
ಫೆಬ್ರವರಿ ಮೂವತ್ತು, ಕ್ರಿ.ಶ. 2187

ಪರಮಪೂಜ್ಯ ಪೂರ್ವಜರ ಸನ್ನಿಧಿಗೆ, ಹತ್ತೊಂಬತ್ತು ವರ್ಷದ ನೀಲಗಂಗಾ ಹೊಂಬಳ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹೇಗೂ ಮಲಗಿಯೇ ಇದ್ದೇನೆ, ಆದ್ದರಿಂದ ಇದರಲ್ಲಿ ನನ್ನ ಶ್ರಮವೇನೂ ಇಲ್ಲ.

ತಾರೀಖು ತಪ್ಪಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಪಂಚಾಂಗ ಸುಧಾರಣಾ ಮಂಡಳಿಯೊಂದು ಕೂತು, ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ದಾನ ಮಾಡಿತು. ಫೆಬ್ರವರಿ ಈಗಲೂ ಸ್ವಲ್ಪ ಸಂಕೋಚದಿಂದಲೇ ಇದೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕನ್ನಡವನ್ನು ನಮ್ಮ ಸಾಲೆಯಲ್ಲಿ ಹಳಗನ್ನಡವೆಂದು ಕಲಿಸುತ್ತಾರೆ, ಅದರಲ್ಲಿ ನನಗೆ ನೂರಕ್ಕೆ ಮೂವತ್ತೆಂಟು ಬಂದಿತ್ತು. ಪತ್ರ ಹೇಗೆ ತಲುಪಿತೆಂದು ಕೇಳಬೇಡಿ, ಅಂಚೆಯವರಿಗೇ ಗೊತ್ತಿಲ್ಲ.

ನಮ್ಮ ದಿನಚರಿ ಮೊದಲು ಹೇಳುತ್ತೇನೆ. ಬಿಸಿಲು ಬಹಳವಾದ್ದರಿಂದ ಮನೆಯಲ್ಲಿ ಯಾರೂ ಒಲೆ ಹೊತ್ತಿಸುವುದಿಲ್ಲ. ಓಣಿಗೊಂದು ಅಡುಗೆಮನೆ, ಗುಡ್ಡದ ಗಾಳಿಯಂತ್ರಗಳಿಂದ ಅದಕ್ಕೆ ಕರೆಂಟು. ರೊಟ್ಟಿ ಮಾತ್ರ ಕೈಯಿಂದಲೇ ಬಡಿಯಬೇಕು. ರೊಟ್ಟಿ ಬಡಿಯುವ ಯಂತ್ರ ಒಮ್ಮೆ ಬಂದಿತ್ತಂತೆ. ಜನ ಒಂದು ವಾರ ತಿಂದು, ಅದನ್ನು ಗೌರವಪೂರ್ವಕವಾಗಿ ಮ್ಯೂಜಿಯಮ್ಮಿಗೆ ಕಳಿಸಿದರು. ಹಾಗಾಗಿ ಹದಿನಾರು ದಾಟಿದ ಪ್ರತಿಯೊಬ್ಬರಿಗೂ, ಗಂಡಸರಿರಲಿ ಹೆಂಗಸರಿರಲಿ, ತಿಂಗಳಿಗೊಂದು ರೊಟ್ಟಿಪಾಳಿ. ಒಂದು ಪಾಳಿಗೆ ನೂರಿಪ್ಪತ್ತು ರೊಟ್ಟಿ. ಪಾಳಿ ಮಾಡುವವರ ಗಂಗಾಳ, ಅಂದರೆ ಹೆಸರು ಕೊರೆಸಿದ ಉಣ್ಣುವ ತಟ್ಟೆ, ಅಡುಗೆಮನೆಯ ಗೋಡೆಯ ಮೇಲೆ ಸಾಲಾಗಿ ನಿಂತಿರುತ್ತದೆ. ಸಕಾರಣವಿಲ್ಲದೆ ಆರು ಪಾಳಿ ತಪ್ಪಿಸಿದರೆ ಗಂಗಾಳ ಇಳಿಯುತ್ತದೆ. ಉಪವಾಸವೇನೂ ಕೆಡವುವುದಿಲ್ಲ, ನಾವು ನಾಗರಿಕರು. ಡಬ್ಬಿಯಲ್ಲಿ ಊಟ ತಂದು ಬಾಗಿಲಲ್ಲಿಟ್ಟು ಹೋಗುತ್ತಾರೆ. ಪಂಕ್ತಿಯಲ್ಲಿ ಮಾತ್ರ ಜಾಗವಿಲ್ಲ. ನಮ್ಮ ಓಣಿಯಲ್ಲಿ ಮದುವೆ ಮಾತುಕತೆ, ಜಗಳ, ರಾಜಿ, ಚಾಡಿ, ಎಲ್ಲವೂ ಪಂಕ್ತಿಯಲ್ಲೇ ಆಗುವುದರಿಂದ, ಗಂಗಾಳ ಇಳಿದವರು ಊರಿನಲ್ಲಿದ್ದೂ ಇಲ್ಲದ ಹಾಗೆ.

ಸಕಾರಣ ಯಾವುದು, ಯಾವುದಲ್ಲ ಎಂದು ಹೇಳುವುದು ನೋವುಗನ್ನಡಿ. ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡ ಗಾಜು, ಮಣಿಕಟ್ಟಿನ ಮೇಲೆ ಅಂಟಿಕೊಂಡಿರುತ್ತದೆ. ನೋವಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಇದನ್ನು ನಮಗೆ ದೊರಕಿಸಿದವರು ನೀವೇ ಎಂದು ಪಾಠದಲ್ಲಿದೆ. ನಿಮ್ಮ ಕಾಲದಲ್ಲಿ ಫೈಬ್ರೊಮಯಾಲ್ಜಿಯ ಅನ್ನುತ್ತಿದ್ದ ಬೇನೆಯವರು, ರಕ್ತ ನಾರ್ಮಲ್, ಎಕ್ಸ್‌ರೇ ನಾರ್ಮಲ್, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿಸಿಕೊಂಡು ಹೇಳಿಸಿಕೊಂಡು ಸಾಕಾಗಿ, ನೇರಳೆ ಪಟ್ಟಿ ಕಟ್ಟಿಕೊಂಡು ಬೀದಿಗೆ ಬಂದರಂತೆ. ಕಾಣದ ನೋವನ್ನು ಕಾಣಿಸಿಕೊಡಿ ಎಂದು ಕೇಳಿದರಂತೆ. ಅದರ ನೆನಪಿಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮಲಗಿರುವ ರೋಗಿಯ ಪ್ರತಿಮೆಯೊಂದಿದೆ. ಅದರ ಮೇಲೆ ಜನ ಚೀಲ ಇಡುತ್ತಾರೆ.

ಆ ಬೇನೆಗೆ ನಾವು ಇಡೀಮೈ ಅನ್ನುತ್ತೇವೆ. ನನಗೆ ಅದು ಹದಿನಾಲ್ಕನೇ ವಯಸ್ಸಿಗೆ ಬಂತು. ಹೆಸರಿಟ್ಟವರು ಜಾಣರು, ಹೆಚ್ಚು ವಿವರಿಸುವ ಕೆಲಸ ಉಳಿಸಿಲ್ಲ. ಹತ್ತು ತಾಸು ಮಲಗಿ ಎದ್ದರೂ ರಾತ್ರಿಯಿಡೀ ಮೂಟೆ ಹೊತ್ತವಳ ಹಾಗೆ ಏಳುತ್ತೇನೆ. ತಲೆ ಬಾಚಲು ಹಣಿಗೆ ಹಿಡಿದ ಕೈ ಅರ್ಧಕ್ಕೇ ಇಳಿಯುತ್ತದೆ. ಯಾರಾದರೂ ಪ್ರೀತಿಯಿಂದ ಹೆಗಲು ತಟ್ಟಿದರೆ, ಆ ಪ್ರೀತಿ ಸಂಜೆಯ ತನಕ ಉರಿಯುತ್ತದೆ. ಮಾತಾಡುತ್ತಾ ಆಡುತ್ತಾ ಉಪ್ಪಿಗೆ ಏನನ್ನುತ್ತಾರೆ ಎಂಬುದೇ ಮರೆತುಹೋಗುತ್ತದೆ. ಐದು ವರ್ಷದಿಂದ ಹೀಗೇ ಇದೆ, ಐದು ವರ್ಷದಿಂದ ನನ್ನ ಕನ್ನಡಿ ಹಸಿರಾಗಿಯೇ ಇದೆ.

ನನ್ನ ಪೂರ್ವಾಶ್ರಮವೂ ಇದಕ್ಕೆ ಸಹಾಯ ಮಾಡಲಿಲ್ಲ. ಹತ್ತನೇ ವಯಸ್ಸಿನಲ್ಲಿ ಪರೀಕ್ಷೆ ತಪ್ಪಿಸಲು ನಾನು ಸತ್ತು ತೋರಿಸಿದ್ದೆ. ಅವ್ವ ಅತ್ತು ಮುಗಿಸುವವರೆಗೆ ಕಾದು, ಎದ್ದು ಉಪ್ಪಿಟ್ಟು ಕೇಳಿದ್ದೆ. ಅಂಥವಳು ನೋವು ಅಂದರೆ ಓಣಿಯ ಜನ ಮೊದಲು ನಗುತ್ತಾರೆ, ಆಮೇಲೆ ಮಣಿಕಟ್ಟು ನೋಡುತ್ತಾರೆ, ಆಮೇಲೆ ಇನ್ನೊಮ್ಮೆ ನಗುತ್ತಾರೆ.

ಹೋದ ದೀಪಾವಳಿಯಲ್ಲಿ ನಮ್ಮಣ್ಣ ಕೊಟ್ರೇಶಿ ಹೊಸ್ತಿಲಿಗೆ ಕಾಲ್ಬೆರಳು ಎಡವಿಕೊಂಡ. ಕನ್ನಡಿ ದಾಸವಾಳದ ಹಾಗೆ ಕೆಂಪಾಯಿತು. ಮೂರು ದಿನ ಎಲ್ಲ ಕೆಲಸ ಮಾಫಿ, ಅವ್ವನ ಕೈಯ ಶಿರಾ ಬೇರೆ. ಆಗ ನಾನು ಕನ್ನಡಿಯನ್ನು ಕೆಡಿಸುವ ಸದುದ್ದೇಶದಿಂದ ಅದರ ಕೈಪಿಡಿಯನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ನಲವತ್ತನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ಕನ್ನಡಿಗೆ ನೋವು ಗೊತ್ತಾಗುವುದಿಲ್ಲ. ಕಳೆದ ಮೂರು ದಿನಕ್ಕಿಂತ ಇವತ್ತು ಹೆಚ್ಚೋ ಕಡಿಮೆಯೋ ಅನ್ನುವುದಷ್ಟೇ ಗೊತ್ತಾಗುತ್ತದೆ. ನೋವು ಬಂದರೆ ಕೆಂಪು, ಬಂದದ್ದು ಹೋಗದೆ ಕೂತರೆ ನಾಲ್ಕನೇ ದಿನಕ್ಕೆ ಹಸಿರು. ನನ್ನದು ಐದು ವರ್ಷದಿಂದ ಕೂತಿದೆ.

ಪುಟ ಹರಿದುಕೊಂಡು ಹೋಗಿ ಅಡುಗೆಮನೆಯ ಯಜಮಾನ್ತಿ ದ್ಯಾಮವ್ವನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಒಲೆಯ ಸುತ್ತ ಕೂತವರಿಗೆಲ್ಲ ಕೇಳುವ ಹಾಗೆ ಅಂದಳು: "ಕನ್ನಡಿ ಸುಳ್ಳ ಹೇಳತೈತಂತ. ನಮ್ಮ ನೀಲಿ ಖರೇ ಹೇಳತಾಳಂತ. ಕಲಿಗಾಲ ಮುಗೀತ ಬಿಡ್ರವ." ಒಳ್ಳೆಯ ಮಾತು. ನಾನೇ ಆಡಬೇಕಿತ್ತು ಅನ್ನಿಸುವಷ್ಟು ಒಳ್ಳೆಯ ಮಾತು.

ಅದುವರೆಗೆ ಹೇಗೋ ಬಡಿದರೂ, ಡಿಸೆಂಬರಿನ ಹೊತ್ತಿಗೆ ಐದು ಪಾಳಿ ತಪ್ಪಿದ್ದವು. ಜನವರಿಯ ಪಾಳಿಗೆ ಮೊದಲು ಡಾಕ್ಟರು ಜೋಮುಸೂಜಿ ಹಾಕಿದರು. ಅದು ಎರಡು ದಿನ ಮೈಯಿಂದ ನೋವನ್ನು ಹೊರಗೆ ನಿಲ್ಲಿಸುತ್ತದೆ, ಮೂರನೇ ದಿನ ಬಾಗಿಲು ತೆಗೆಯುತ್ತದೆ. ಆ ಎರಡು ದಿನ ನನ್ನ ಜಡೆ ನಾನೇ ಹಾಕಿಕೊಂಡೆ. ಬಳೆ ಇಟ್ಟುಕೊಂಡೆ. ಗಾಳಿಯಂತ್ರದ ಬುಡದ ತನಕ ನಡೆದು ಹೋಗಿ ಬಂದೆ. ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಯಾರದೋ ಮನೆಯಲ್ಲಿ, ಯಜಮಾನರು ಬರುವ ತನಕ ಕುರ್ಚಿಯ ತುದಿಯಲ್ಲಿ ಕೂತ ಹಾಗೆ ಆಯಿತು.

ಮೂರನೇ ದಿನ, ಪಾಳಿಯ ದಿನವೇ, ಯಜಮಾನರು ಬಂದರು. ದಿನಾ ಇರುವಷ್ಟೇ ನೋವು, ಒಂದು ಕೂದಲು ಹೆಚ್ಚಿಲ್ಲ. ಕನ್ನಡಿ ಮಾತ್ರ ಕೆಂಪಾಗಿ ಕಿರುಚತೊಡಗಿತು. ಪಾಳಿ ಮಾಫಿಯಾಯಿತು. ಓಣಿಯೇ ಬಂತು. ಶೇಂಗಾ ಹೋಳಿಗೆ ಬಂತು. "ಎಷ್ಟ ತ್ರಾಸ ತಿಂದೀಯವ ನಮ್ಮವ್ವ, ಒಂದ ಮಾತ ಹೇಳಬಾರದೇನ," ಅಂದರು. ಕೆಂಪಾದ ನಾಲ್ಕನೇ ದಿನಕ್ಕೆ ದೀಪ ಹಸಿರಾಯಿತು. "ಆರಾಮ ಆದ್ಯಲ್ಲ, ಚೊಲೊ ಆತು," ಅಂದರು. ಎರಡೂ ಸಲ ನಾನು ತಲೆಯಾಡಿಸಿದೆ. ಹೋಳಿಗೆ ಚೆನ್ನಾಗಿತ್ತು.

ಅವ್ವ ನನ್ನನ್ನು ನಂಬಿದವಳೇ. ಆದರೆ ಪಂಕ್ತಿಯಲ್ಲಿ ಮಗಳಿಲ್ಲದೆ ಕೂರುವುದನ್ನು ಅವಳಿಂದ ಊಹಿಸಲಾಗುತ್ತಿರಲಿಲ್ಲ. ಅವಳೇ ಲೆಕ್ಕ ಹಾಕಿದಳು.

"ತಿಂಗಳಿಗೊಮ್ಮೆ ಸೂಜಿ ಹಾಕ್ಸು. ಪಾಳಿ ದಿನ ಕನ್ನಡಿ ಕೆಂಪ ಆಕೈತಿ. ಗಂಗಾಳ ಉಳಿತೈತಿ."

"ಇದು ನಾಟಕ ಅಲ್ಲೇನವ್ವ?"

"ನಾಟಕ ನಿನಗ ಹೊಸಾದೇನು? ಮಂದಿಗೆ ಏನ ಕಾಣಬೇಕೋ ಅದನ್ನ ತೋರ್ಸು, ಮುಗೀತು."

ಬೇಡ ಅಂದೆ. ಧೈರ್ಯವಂತೆಯೆಂದು ದಯವಿಟ್ಟು ನನ್ನ ಪ್ರತಿಮೆ ಮಾಡಬೇಡಿ, ಚೀಲ ಇಡುತ್ತಾರೆ. ದಿನವೂ ಇರುವ ನೋವಿನ ಜೊತೆ ಹೇಗೋ ಇದ್ದುಬಿಡಬಹುದು. ಅದು ಹೋಗಿ ಮತ್ತೆ ಬಂದಾಗ, ಹದಿನಾಲ್ಕನೇ ವಯಸ್ಸಿನ ಆ ಮೊದಲನೇ ದಿನವೇ ಬಂದ ಹಾಗೆ ಇರುತ್ತದೆ. ನಂಬಿಸುವುದಕ್ಕೋಸ್ಕರ ಆ ದಿನವನ್ನು ತಿಂಗಳಿಗೊಮ್ಮೆ ಮನೆಗೆ ಕರೆಯಲು ನನ್ನಿಂದಾಗದು.

ಮೊನ್ನೆ ಇಪ್ಪತ್ತೆಂಟಕ್ಕೆ ಫೆಬ್ರವರಿಯ ಪಾಳಿ ಇತ್ತು. ಹೋದೆ. ಹಸಿರು ದೀಪದ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಹಿಟ್ಟಿನ ಮುಂದೆ ಕೂತೆ. "ನಾ ಬಡ್ಯಾಂಗಿಲ್ಲ. ನನಗ ನೋವೈತಿ," ಅಂದೆ. ಎಲ್ಲರೂ ನಗುವುದಕ್ಕೆ ಸಿದ್ಧರಾಗಿ ನನ್ನ ಮುಖವನ್ನೇ ನೋಡಿದರು. ಕೊಟ್ರೇಶಿ ತಡೆಯಲಾಗದೆ ಕೇಳಿದ: "ಮುಂದ?"

"ಮುಂದ ಏನಿಲ್ಲ. ಅಷ್ಟ."

ಯಾರೂ ನಗಲಿಲ್ಲ. ದ್ಯಾಮವ್ವ ಎದ್ದು ನನ್ನ ಗಂಗಾಳ ಇಳಿಸಿದಳು, ಸೆರಗಿನಿಂದ ಒರೆಸಿದಳು, ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ನಿಯಮ ಅಂದರೆ ನಿಯಮ. ನನಗೆ ಏನೂ ಅನ್ನಿಸಲಿಲ್ಲ. ಎದ್ದು ಹೋಗಬೇಕಿತ್ತು, ಮೊಣಕಾಲು ಏಳಲಿಲ್ಲ, ಆದ್ದರಿಂದ ಅಲ್ಲೇ ಗೋಡೆಗೆ ಒರಗಿಕೊಂಡೆ. ರೊಟ್ಟಿ ಬೇರೆಯವರು ಬಡಿದರು. ಮಧ್ಯಾಹ್ನ ಪಂಕ್ತಿ ಕೂತಿತು. ದ್ಯಾಮವ್ವ ತನ್ನ ಗಂಗಾಳಕ್ಕೆ ಬಡಿಸಿಕೊಂಡು ಬಂದು ನನ್ನ ಪಕ್ಕ ಕೂತಳು, ನನ್ನ ಮಣಿಕಟ್ಟು ನೋಡದೆ ಕೇಳಿದಳು: "ಎಲ್ಲೆಲ್ಲಿ ಬ್ಯಾನಿ ಆಗತೈತಿ?"

ನೀವು ಇದನ್ನು ದೊಡ್ಡ ಮಾತೆಂದು ತಿಳಿಯಲಾರಿರಿ. ನಮ್ಮಲ್ಲಿ ಈ ಪ್ರಶ್ನೆ ಕೇಳುವುದು ಅಸಭ್ಯ. ಕನ್ನಡಿ ಇರುವಾಗ ಬಾಯಿಂದ ಕೇಳಿದರೆ, ನಿನ್ನ ಕನ್ನಡಿಯನ್ನು ನಂಬುವುದಿಲ್ಲ ಎಂದ ಹಾಗೆ. ಐದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವ್ವನೂ, ಡಾಕ್ಟರೂ. ತಮಾಷೆಯ ಉತ್ತರಕ್ಕಾಗಿ ತಡಕಾಡಿದೆ, ಸಿಗಲಿಲ್ಲ. ಹೇಳತೊಡಗಿದೆ. ಕತ್ತಿನಿಂದ ಶುರು ಮಾಡಿ ಹಿಮ್ಮಡಿಗೆ ಬರುವಷ್ಟರಲ್ಲಿ ಅರ್ಧ ಪಂಕ್ತಿ ಎದ್ದಿತ್ತು. ಕೆಲವರು ಕೈ ತೊಳೆಯದೆ ಕೂತೇ ಇದ್ದರು, ಕೇಳುತ್ತಿದ್ದರೋ ಬಿಸಿಲಿಗೆ ಅಂಜಿದ್ದರೋ ತಿಳಿಯದು. ದ್ಯಾಮವ್ವ "ಹಂಗೇನು" ಅಂದಳು, ಅಷ್ಟೇ. ಆಮೇಲೆ ತನ್ನ ಗಂಗಾಳವನ್ನು ನನ್ನ ಮುಂದೆ ಸರಿಸಿ, ತಾನು ಹೊಲದಲ್ಲಿ ಉಣ್ಣುವವರ ಹಾಗೆ ಅಂಗೈಯ ಮೇಲೆ ರೊಟ್ಟಿ ಇಟ್ಟುಕೊಂಡು, ಅದರ ಮೇಲೇ ಪಲ್ಯ ಹಾಕಿಕೊಂಡು ಉಂಡಳು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಬದನೆಕಾಯಿಗೆ ಉಪ್ಪು ಕಡಿಮೆಯಾಗಿತ್ತು.

ನನ್ನ ಗಂಗಾಳ ಇನ್ನೂ ಕಪಾಟಿನಲ್ಲೇ ಇದೆ. ನಿನ್ನೆಯೂ ಇವತ್ತೂ ದ್ಯಾಮವ್ವ ಅಂಗೈಯಲ್ಲೇ ಉಂಡಿದ್ದಾಳೆ.

ಪೂಜ್ಯರೇ, ಕಾಣದ ನೋವನ್ನು ಕಾಣಿಸುವ ಯಂತ್ರ ಬೇಕೆಂದು ನೀವು ಕೇಳುತ್ತಿದ್ದೀರಿ. ಕೇಳಬೇಡಿ ಅನ್ನಲಾರೆ, ನಿಮ್ಮ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಅದು ಬರುವ ತನಕ ನಿಮ್ಮ ಹತ್ತಿರ ಬರೀ ಬಾಯಿ, ಬರೀ ಕಿವಿ. ಎಲ್ಲ ರಿಪೋರ್ಟು ನಾರ್ಮಲ್ ಬಂದವರೊಬ್ಬರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದಾರೆ. ಅವರನ್ನು ನಂಬಿ ಎಂದು ಕೂಡ ನಾನು ಹೇಳುತ್ತಿಲ್ಲ, ಅದು ನಿಮಗೆ ಕಷ್ಟವಾಗಬಹುದು. ಎಲ್ಲೆಲ್ಲಿ ನೋವು ಎಂದು ಕೇಳಿ, ಉತ್ತರ ಮುಗಿಯುವ ತನಕ ಏಳಬೇಡಿ. ಉತ್ತರ ಉದ್ದವಿರುತ್ತದೆ, ಊಟ ತಣ್ಣಗಾಗುತ್ತದೆ.

ಕೈ ಸೋತಿತು. ಇಲ್ಲಿಗೇ ನಿಲ್ಲಿಸುತ್ತೇನೆ.

ನಿಮ್ಮ ಮರಿಮಕ್ಕಳ ಮರಿಮಗಳು,
ನೀಲಿ